ಕಳ್ಳನಿಗೆ ಎಲ್ಲ ಗೊತ್ತಿತ್ತು

ತೆರಿಗೆ ಕಚೇರಿಯ ಕಂಪ್ಯೂಟರಿನಿಂದ ವ್ಯಾಪಾರಿಗಳ ವಿವರವೆಲ್ಲ ಸೋರಿಹೋದ ಮೇಲೆ ನಾರಾಯಣಪೇಟೆಯಲ್ಲಿ ಅಂಗಡಿ ಇಟ್ಟವರಿಗೆ ದಿನಕ್ಕೊಂದು ಪ್ರಸಂಗ. ನಾನು ಹುಟ್ಟಿದ್ದು ದೂರದ ನಂಜನಗೂಡಿನ ಕಡೆ. ಮದುವೆಯಾಗಿ ಇಲ್ಲಿಗೆ ಬಂದು, ಸೀರೆ ಅಂಗಡಿಯ ಗಲ್ಲಾ ಮುಂದೆ ಕೂತೇ ಮುದುಕಿಯಾದೆ. ಫೋನು ಎತ್ತಲು ಹೆದರಿದ್ದು ಈಗಲೇ.

ಮರ್ಯಾದಸ್ಥ

ಮೊದಲು ಫೋನು ಮಾಡಿದವನಿಗೆ ನಮ್ಮ ಅಂಗಡಿಯ ಹೆಸರು, ಬ್ಯಾಂಕ್ ಖಾತೆಯ ನಂಬರು, ಹೋದ ತಿಂಗಳ ವ್ಯಾಪಾರ, ಎಲ್ಲ ಬಾಯಿಪಾಠ. “ತೆರಿಗೆ ಬಾಕಿ ಐತಿ. ಸಂಜಿಯೊಳಗ ಕಟ್ಟದಿದ್ರ ಅಂಗಡಿಗೆ ಬೀಗ. ಫೋನಿಗೆ ಬಂದ ಓಟಿಪಿ ಹೇಳ್ರಿ” ಅಂದ. ನಾನು ಓಟಿಪಿ ಹುಡುಕಿದೆ. ಇನ್ನೇನು ಹೇಳಿಬಿಡಬೇಕು, ಅಷ್ಟರಲ್ಲಿ ಅವನು, “ಗಾಬರಿ ಆಗಬ್ಯಾಡ್ರಿ ಅಮ್ಮಾ. ಊಟ ಆಯ್ತೇನ್ರಿ?” ಅಂದ.

ಫೋನು ಇಟ್ಟುಬಿಟ್ಟೆ.

“ಯಾಕ ಇಟ್ರಿ ಅತ್ತಿ?” ಅಂದಳು ಸೊಸೆ.

“ನನ್ನ ಊಟ ವಿಚಾರಿಸೋ ಸರ್ಕಾರ ಇನ್ನೂ ಬಂದಿಲ್ಲ ಕಣೇ.”

ಸೊಸೆಯ ಸರದಿ

ಮರುದಿನ ಒಂದು ಒರಟು ದನಿ. “ನೀವು ಕಟ್ಟಿದ ತೆರಿಗೆ ನಮ್ಮಲ್ಲಿ ಕಾಣವಲ್ದು. ರಸೀದಿ ತಗೊಂಡು ಬರ್ರಿ.”

ಫೋನು ಎತ್ತಿದ್ದ ಸೊಸೆ ಗದ್ವಾಲದವಳು, ಬಾಯಿ ಜೋರು. “ದುಡಿದು ತಿನ್ನಾಕ ಏನ್ ಧಾಡಿ ನಿನಗ? ನೀ ಹಿಂಗ ಹೊಟ್ಟಿ ಹೊರೀತಿ ಅಂತ ನಿಮ್ಮವ್ವಗ ಗೊತ್ತೈತೇನು?”

ಆ ಕಡೆಯವ ಅಂದ, “ಗೊತ್ತೈತ್ರಿ. ಆಕಿನ ನನ್ನ ಈ ನೌಕರಿಗೆ ಹಚ್ಯಾಳ.”

ಸೊಸೆ ಆ ನಂಬರನ್ನೇ ಬ್ಲಾಕ್ ಮಾಡಿದಳು. ವಾರ ತುಂಬುವುದರೊಳಗೆ ನಮ್ಮ ಖಾತೆಗೆ ತಡೆ ಬಿತ್ತು. ಅವನು ನಿಜವಾದ ತೆರಿಗೆ ಅಧಿಕಾರಿ. ಪುಣ್ಯಕ್ಕೆ, ಬೈಗುಳದ ಮೇಲೆ ಬೇರೆ ತೆರಿಗೆ ಹಾಕಿರಲಿಲ್ಲ.

ಪರೀಕ್ಷೆ

ಅಂದು ಶುಕ್ರವಾರ. ಬೆಳಗಾದರೆ ನೇಕಾರರಿಗೆ ಕೂಲಿ ಕೊಡಬೇಕು. ಅವರ ಮನೆಯ ಒಲೆ ಉರಿಯುವುದು ಅದರಿಂದಲೇ. ಖಾತೆ ಮುಟ್ಟುವಂತಿಲ್ಲ. ಆಗ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಬಾಗಿಲಿಗೆ ಬಂದ. ಫೋನಿನ ದನಿಯಲ್ಲ, ಬೇರೆಯವ.

“ಮಕ್ತಲ್‌ನಿಂದ ಬಸ್ಸಿನಾಗ ನಿಂತು ಬಂದೀನ್ರಿ. ತೆರಿಗೆ ಕಚೇರಿಯವ. ರಸೀದಿ ಕೊಡ್ರಿ, ನೋಡಿ ಖಾತಿ ಬಿಡಿಸ್ತೀನಿ.”

ಸೊಸೆ ರಸೀದಿಯನ್ನು ಎದೆಗೆ ಒತ್ತಿ ಹಿಡಿದಳು. ಇವನೂ ಕಳ್ಳನಾದರೆ ಇದ್ದೊಂದು ಕಾಗದವೂ ಹೋಯಿತು. ನಿಜವಾದವನನ್ನು ಮತ್ತೆ ಓಡಿಸಿದರೆ ನಾಳೆ ಕೂಲಿ ಇಲ್ಲ.

“ನಮ್ಮ ಖಾತೆ ನಂಬರು ಹೇಳಿ ಸಾರ್” ಅಂದೆ.

“ನೋಡಬೇಕ್ರಿ.”

“ಅಂಗಡಿ ಯಾರ ಹೆಸರಲ್ಲಿದೆ?”

“ಅದನ್ನೂ ನೋಡಬೇಕ್ರಿ.” ಚೀಲದಿಂದ ಲ್ಯಾಪ್‌ಟಾಪ್ ತೆಗೆದ. ಒತ್ತಿದ, ಕಾದ, ಬೆವರು ಒರೆಸಿಕೊಂಡ. “ಸರ್ವರ್ ಬರವಲ್ದು.”

“ರಸೀದಿ ಕೊಡೇ” ಅಂದೆ ಸೊಸೆಗೆ. “ಕುರ್ಚಿನೂ ಹಾಕು.”

“ಬ್ಯಾಡ್ರಿ ಅತ್ತಿ” ಎಂದು ಅವಳು ಪಿಸುಗುಟ್ಟಿದಳು. ನಾನೇ ಕಿತ್ತು ಕೊಟ್ಟೆ.

ಸಂಜೆಗೆ ಸರ್ವರ್ ಬಂತು, ಖಾತೆಯ ತಡೆ ತೆಗೆದರು. ಸೊಸೆ ನೇಕಾರರಿಗೆ ಫೋನು ಮಾಡಿ, ನಾಳೆ ಬರ್ರಿ ಅಂದಳು.

ಹೊರಡುವಾಗ ಆತ ಕೇಳಿದ, “ಗುರುತಿನ ಚೀಟಿ ಸುದ್ದಾ ಕೇಳಲಿಲ್ಲ ನೀವು. ನನ್ನ ಹೆಂಗ ನಂಬಿದ್ರಿ ಅಮ್ಮಾ?”

“ಇಷ್ಟು ದಿನದಲ್ಲಿ ನಮ್ಮ ಬಗ್ಗೆ ಏನೂ ಗೊತ್ತಿಲ್ಲದೆ ಬಂದವರು ನೀವೊಬ್ಬರೇ ಸಾರ್.”