ನಮ್ಮ ತಿಪ್ಪೆ ಊರಿಗೆ ದಾನವಾದದ್ದು

ಆ ವರ್ಷ ನಮ್ಮೂರ ಪಂಚಾಯ್ತಿಯವರು ಮಾಡಿದ ಗ್ರಾಮಸೇವೆ ಏನೆಂದರೆ ನನ್ನ ತಿಪ್ಪೆ ಕದ್ದದ್ದು. ರಿಪೋರ್ಟಿನಲ್ಲಿ ಬೇರೆ ಏನೇನೋ ಬರೆದಿದ್ದಾರೆ. ಗ್ರಾಮ ನೈರ್ಮಲ್ಯ ಅಂತ ಬರೆದಿದ್ದಾರೆ, ಸ್ತ್ರೀಯರ ಸಹಕಾರ ಅಂತ ಬರೆದಿದ್ದಾರೆ. ನಾನು ಕೂಲಿಮಠದಲ್ಲಿ ಎರಡು ವರ್ಷ ಮರಳಿನ ಮೇಲೆ ಅಕ್ಷರ ತಿದ್ದಿದವಳು, ಅಂಥ ಮಾತು ನನಗೆ ಹತ್ತುವುದಿಲ್ಲ. ಕದ್ದರು ಅನ್ನುವ ಮಾತು ಹತ್ತುತ್ತದೆ. ಅದನ್ನು ಆಗ ಯಾರೂ ಆಡಲಿಲ್ಲ, ನಾನೂ ಆಡಲಿಲ್ಲ. ಈಗ ಬರೆಯುತ್ತಿದ್ದೇನೆ, ಯಾಕೆಂದರೆ ಕದ್ದವರೂ ಇಲ್ಲ, ಅವರಿಗೆ ಹೆದರುತ್ತಿದ್ದ ನಮ್ಮ ಯಜಮಾನರೂ ಇಲ್ಲ. ಇನ್ನೂ ನಾಚಿಕೆಯ ಸಂಗತಿ ಒಂದಿದೆ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ. ಕದಿಯುವಾಗ ಮಂಕರಿ ಮಂಕರಿ ತುಂಬಿ ಗಾಡಿಗೆ ಸುರಿದವಳು ನಾನೇ.

ತಿಪ್ಪೆ ಎಂದರೆ ಪೇಟೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ಮುಚ್ಚಿಕೊಳ್ಳಲಿ. ಅವರು ನುಂಗುವ ರಾಗಿಮುದ್ದೆ ಅಲ್ಲಿಂದಲೇ ಎದ್ದು ಬಂದದ್ದು. ದೊಡ್ಡೇರಿ ಕಡೆ ನಮ್ಮದು ಗರಸು ಮಣ್ಣಿನ ಹೊಲ, ಗೊಬ್ಬರ ಹಾಕದಿದ್ದರೆ ಕಳೆಯೂ ನೆಟ್ಟಗೆ ಬೆಳೆಯುವುದಿಲ್ಲ. ನನ್ನ ಮದುವೆಗೆ ಮುಂಚೆ ನಮ್ಮಪ್ಪ ಗಂಡಿನ ಮನೆ ನೋಡಲು ಬಂದಾಗ, ಒಳಗೆ ಹೋಗುವುದಕ್ಕೆ ಮೊದಲು ಬಾಗಿಲ ಪಕ್ಕದ ತಿಪ್ಪೆಯ ಸುತ್ತ ಒಂದು ಸುತ್ತು ಹಾಕಿದರಂತೆ. ಕೋಲು ಚುಚ್ಚಿ ಆಳ ನೋಡಿದರಂತೆ. ತಿಪ್ಪೆ ದೊಡ್ಡದಿದ್ದರೆ ದನ ಇವೆ, ದನ ಇದ್ದರೆ ಹೊಲ ಇದೆ, ಹೊಲ ಇದ್ದರೆ ಮಗಳಿಗೆ ಮುದ್ದೆ ಇದೆ. ಅಷ್ಟೇ ಲೆಕ್ಕ. ಮನೆಗೆ ಬಂದು ನಮ್ಮವ್ವನಿಗೆ, ‘ತಿಪ್ಪೆ ಭಾರಿ ಐತೆ ಕಣೇ, ಕೊಟ್ಬುಡಾನ’ ಎಂದರು. ‘ಗಂಡು ಹೆಂಗವ್ನೆ?’ ಎಂದು ಅವ್ವ ಕೇಳಿದ್ದಕ್ಕೆ, ‘ಅಲ್ಲೇ ಎಲ್ಲೋ ಕುಂತಿದ್ದ’ ಎಂದರಂತೆ. ನಮ್ಮಪ್ಪ ಸುಳ್ಳಾಡುವವರಲ್ಲ. ಮುಂದೆ ಮೂವತ್ತು ವರ್ಷ ಸಂಸಾರ ಮಾಡಿ ನಾನು ಕಂಡದ್ದೂ ಅಷ್ಟೇ, ಅಲ್ಲೇ ಎಲ್ಲೋ ಕುಂತಿರುತ್ತಿದ್ದರು. ತಿಪ್ಪೆ ಮಾತ್ರ ನಾನು ಬೆಳೆಸಿದ್ದು. ಎರಡು ಎಮ್ಮೆಯ ಸಗಣಿ, ಒಲೆಯ ಬೂದಿ, ಗಂಜಲದಲ್ಲಿ ನೆಂದ ಕೊಟ್ಟಿಗೆಯ ಹುಲ್ಲು, ಹಳ್ಳದಿಂದ ಹೊತ್ತು ತಂದ ಹೊಂಗೆಸೊಪ್ಪು, ಎಣ್ಣೆಗೆಂದು ಹರಳು ಸುಲಿದ ಸಿಪ್ಪೆ, ದಿನಾ ಬೆಳಿಗ್ಗೆ ಎದ್ದು ಒಂದು ಮಂಕರಿ. ಬಲಿಪಾಡ್ಯಮಿಯ ದಿನ ಅದರ ಮೇಲೆ ದೀಪ ಇಟ್ಟು ಕೈಮುಗಿಯುತ್ತಿದ್ದೆ. ಯಜಮಾನರಿಗೆ ಅಷ್ಟು ಮನಸ್ಸಿಟ್ಟು ಎಂದಾದರೂ ಕೈ ಮುಗಿದೆನೋ ಇಲ್ಲವೋ ನೆನಪಿಲ್ಲ.

ಇನ್ನು ಪಂಚಾಯ್ತಿ. ಆಗ ಮಹಾರಾಜರ ಸರ್ಕಾರ. ಊರಿನ ಒಳ್ಳೆಯದಕ್ಕೆ ವಾರದಲ್ಲಿ ಅರ್ಧ ದಿನ ಮನೆಗೊಂದು ಆಳು ಬಂದು ಪುಕ್ಕಟೆ ದುಡಿಯಬೇಕು ಎಂದು ಕಟ್ಟುಪಾಡು. ರಸ್ತೆಗೆ ಗರಸು ಹಾಕುವುದು, ಬಾವಿ ಕಟ್ಟೆ ಉಜ್ಜುವುದು, ಬೀದಿಯ ದೀಪದ ಗಾಜು ಒರೆಸುವುದು, ಇಂಥವು. ಮನೆಗೊಂದು ಆಳು ಎಂದರೆ ಗಂಡಸೇ ಬರಬೇಕೆಂದು ಯಾರೂ ಹೇಳಿರಲಿಲ್ಲವಾದ್ದರಿಂದ ಎಲ್ಲ ಮನೆಯಿಂದಲೂ ಹೆಂಗಸರೇ ಬರುತ್ತಿದ್ದರು. ಗಂಡಸರು ಚಾವಡಿಯ ನೆರಳಲ್ಲಿ ಕುಳಿತು ಕೆಲಸ ಹೇಗೆ ಮಾಡಬೇಕೆಂದು ಹೇಳುತ್ತಿದ್ದರು. ಅದೂ ವರ್ಷವಿಡೀ ಅಲ್ಲ. ಹನ್ನೊಂದು ತಿಂಗಳು ಊರು ಹೇಗಿತ್ತೋ ಹಾಗೇ ಬಿದ್ದಿರುತ್ತಿತ್ತು. ಮಧುಗಿರಿಯಿಂದ ಅಮಲ್ದಾರರು ತಪಾಸಣೆಗೆ ಬರುತ್ತಾರೆ ಎಂದು ಸುದ್ದಿಯಾದ ತಕ್ಷಣ ಆ ಹನ್ನೊಂದು ತಿಂಗಳ ಸೇವೆಯೆಲ್ಲ ಒಂದೇ ತಿಂಗಳಲ್ಲಿ ನಮ್ಮ ಸೊಂಟದ ಮೇಲೆ ಬೀಳುತ್ತಿತ್ತು. ಗೋಡೆಗೆ ಸುಣ್ಣ ಬಳಿದರೆ ಬೀದಿಗೆ ಕಾಣುವ ಗೋಡೆಗೆ ಮಾತ್ರ. ಅಮಲ್ದಾರರು ಸಂದಿಗೆ ಇಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಪಂಚಾಯ್ತಿಯ ಚೇರ್ಮನ್ನರು ರುದ್ರಪ್ಪನವರು. ನಮ್ಮ ಯಜಮಾನರ ದೊಡ್ಡಪ್ಪನ ಮಗ, ಹಿರಿಯರು, ನನಗೆ ಭಾವ ಆಗಬೇಕು. ಹಣೆ ತುಂಬ ವಿಭೂತಿ, ಮೈ ತುಂಬ ಗಾಂಭೀರ್ಯ. ನಮ್ಮ ಯಜಮಾನರೂ ಒಬ್ಬ ಮೆಂಬರು. ಯಾಕೆ ಮೆಂಬರಾದರು ಎಂದು ಅವರಿಗೂ ಗೊತ್ತಿರಲಿಲ್ಲ. ಭಾವನವರಿಗೆ ಗೊತ್ತಿತ್ತು.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಯಜಮಾನರು ಚಾವಡಿಯಿಂದ ಬಂದು ಜಗಲಿಯ ಮೇಲೆ ಕುಳಿತು ಎಲೆಗೆ ಸುಣ್ಣ ಸವರುತ್ತಾ, ‘ಬೀದೀಲಿರೋ ತಿಪ್ಪೆ ಎಲ್ಲಾ ಊರಾಚೆಗೆ ಸಾಗಿಸ್ಬೇಕಂತೆ’ ಎಂದರು.

‘ಯಾಕಂತೆ?’

‘ರೋಗ ಬತ್ತದಂತೆ. ನೊಣ ಆಯ್ತವಂತೆ.’

‘ಇಪ್ಪತ್ತು ವರ್ಷದಿಂದ ಬಾರದ ರೋಗ ಈಗ ಅಮಲ್ದಾರ್ರ ಜತೆಗೆ ಬತ್ತದಾ? ನೀವು ಏನಂದ್ರಿ?’

‘ನಾನೇನನ್ಲಿ? ಎಲ್ಲಾರೂ ಸರಿ ಅಂದ್ರು.’

‘ಭಾವನೋರ ತಿಪ್ಪೆ?’

‘ಅದು ಹಿತ್ಲಲ್ಲೈತಲ್ಲ. ಬೀದೀಗೆ ಕಾಣಕ್ಕಿಲ್ಲ.’

ಹೀಗೆ ಹಿತ್ತಿಲು ಇದ್ದವರ ಸಗಣಿ ಗೊಬ್ಬರವಾಯಿತು, ಹಿತ್ತಿಲು ಇಲ್ಲದವರ ಸಗಣಿ ರೋಗವಾಯಿತು. ಬೀದಿಯಲ್ಲಿದ್ದದ್ದು ಏಳೋ ಎಂಟೋ ತಿಪ್ಪೆ. ಉಳಿದವರದ್ದೆಲ್ಲ ಗುಬ್ಬಿಗೂಡಿನಷ್ಟು, ನಮ್ಮದೊಂದು ಎದೆಯೆತ್ತರ. ಗೋಮಾಳದಲ್ಲಿ ಒಂದೊಂದು ಮನೆಗೆ ಒಂದೊಂದು ಗುಂಡಿ ತೆಗೆಸಿ, ಗೂಟ ನೆಟ್ಟು, ಅವರವರ ಗೊಬ್ಬರ ಅವರವರ ಗುಂಡಿಗೆ ಎಂದು ತೀರ್ಮಾನವಾಯಿತು. ಗುಂಡಿ ತೆಗೆಯುವ ಕೆಲಸ ಮಾತ್ರ ಗಂಡಸರದ್ದು. ಮಂಡಿಯಾಳ ತೋಡುವಷ್ಟರಲ್ಲಿ ಬಂಡೆ ಸಿಕ್ಕಿತು ಎಂದು ಗುದ್ದಲಿ ಹೆಗಲ ಮೇಲೆ ಹಾಕಿಕೊಂಡು ಬಂದುಬಿಟ್ಟರು. ನಮ್ಮೂರ ಗಂಡಸರಿಗೆ ಬಂಡೆ ಎಲ್ಲಿ ಬೇಕಾದರೂ ಸಿಗುತ್ತದೆ.

ನಾನು ಅಷ್ಟಕ್ಕೇ ಬಗ್ಗುವವಳಲ್ಲ. ಬಗ್ಗಿಸಿದ್ದು ಭಾವನವರ ಮಾತು. ನನ್ನ ಹತ್ತಿರ ಒಂದು ಹನಿ ನೀರನ್ನೂ ಕೇಳದಿದ್ದವರು ಒಂದು ಬೆಳಿಗ್ಗೆ ನಮ್ಮ ಜಗಲಿಯ ಮುಂದೆ ಬಂದು ನಿಂತರು. ನಾನು ಬಾಗಿಲ ಮರೆಗೆ ಸರಿದೆ.

‘ನೋಡು ನಂಜಮ್ಮ, ನೀನು ಮುಂದೆ ನಿಂತ್ರೆ ಹೆಂಗಸ್ರೆಲ್ಲಾ ಬತ್ತಾರೆ. ನಿನ್ನ ಮಾತು ಅಂದ್ರೆ ಈ ಊರಲ್ಲಿ ಮಾತು ಕಣಮ್ಮ. ಅಮಲ್ದಾರ್ ದೊರೆಗಳು ನಾಡಿದ್ದೇ ಬತ್ತಾರಂತೆ. ಗುಂಡಿ ಆಗಿಲ್ಲ, ಏನ್ಮಾಡಾದು? ಸದ್ಯಕ್ಕೆ ರಸ್ತೆ ಮಗ್ಗಲ ನಮ್ಮ ಹೊಲಕ್ಕೆ ಸುರಿಸ್ಬುಡಾನ. ಆಮೇಲೆ ಅವರವರದ್ದು ಅವರು ಹೊಡ್ಕೊಂಡೋಗ್ಲಿ. ಗಾಡಿ ನಾನು ಕೊಡ್ತೀನಿ.’

ನನ್ನ ಮಾತು ಅಂದರೆ ಮಾತು. ಮದುವೆಯಾಗಿ ಬಂದಾಗಿನಿಂದ ಈ ಊರಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಯಾರ ಹೊಲ, ಯಾರ ಗಾಡಿ ಎನ್ನುವುದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೆ. ಮನೆಮನೆಗೆ ಹೋಗಿ ಹೆಂಗಸರನ್ನು ಎಬ್ಬಿಸಿದೆ. ಪಕ್ಕದ ಮನೆಯ ಕೆಂಚಮ್ಮ, ‘ಅಕ್ಕ, ಒಂದ್ಸಲ ಅವ್ರ ಹೊಲಕ್ಕೆ ಬಿದ್ದಿದ್ದು ವಾಪಸ್ ಬತ್ತದಾ?’ ಎಂದು ಕೇಳಿದಳು. ‘ಸುಮ್ಕೆ ಮಂಕ್ರಿ ಎತ್ತೇ, ನಾನಿಲ್ವಾ?’ ಎಂದು ಗದರಿದೆ. ಆ ‘ನಾನಿಲ್ವಾ’ ಎಂಬುದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಎರಡು ದಿನ ಹೊತ್ತೆವು. ನಮ್ಮ ತಿಪ್ಪೆಯ ತಳದ ಗೊಬ್ಬರ ಕಪ್ಪಗೆ, ಪುಡಿಪುಡಿಯಾಗಿ, ಬಿಸಿಯಾಗಿ ಇತ್ತು. ಅದನ್ನೂ ಬಿಡದೆ ಬರಲಿನಿಂದ ಗುಡಿಸಿ ತುಂಬಿದೆ. ಅಷ್ಟು ಶುದ್ಧವಾಗಿ ಯಾರ ಮನೆಯನ್ನೂ ಕಳ್ಳರು ಗುಡಿಸಿರಲಾರರು.

ಅಮಲ್ದಾರರು ಬಂದರು. ತಿಪ್ಪೆ ಇದ್ದ ಜಾಗದಲ್ಲಿ ನಾನು ಹಾಕಿದ್ದ ರಂಗೋಲಿಯನ್ನು ಬೂಟುಗಾಲಿನಿಂದ ದಾಟಿ, ‘ಬಹಳ ಸಂತೋಷ, ಬಹಳ ಸಂತೋಷ’ ಎಂದರು. ಭಾವನವರು ನನ್ನ ಕಡೆ ಕೈ ತೋರಿಸಿ ಏನೋ ಹೇಳಿದರು. ಅಮಲ್ದಾರರು, ‘ತಾಯಿ, ನಿಮ್ಮಂಥವರು ಊರಿಗೊಬ್ಬರಿದ್ದರೆ ಸಾಕು’ ಎಂದು, ಚೇರ್ಮನ್ನರು ತಮಗೆ ಕೊಟ್ಟಿದ್ದ ನಿಂಬೆಹಣ್ಣುಗಳಲ್ಲಿ ಒಂದನ್ನು ನನ್ನ ಕೈಗೆ ಕೊಟ್ಟರು. ನಿಜ ಹೇಳುತ್ತೇನೆ, ಆ ಮಧ್ಯಾಹ್ನವೆಲ್ಲ ನಾನು ಆ ನಿಂಬೆಹಣ್ಣನ್ನು ಕೆಳಗಿಡಲಿಲ್ಲ. ಸಂಜೆ ಕೊಯ್ದು ನೋಡಿದರೆ ರಸ ಇರಲಿಲ್ಲ.

ಯುಗಾದಿ ಕಳೆಯಿತು. ಮೊದಲ ಮಳೆಗೆ ಮುಂಚೆ ಗೊಬ್ಬರ ಹೊಲಕ್ಕೆ ಬೀಳದಿದ್ದರೆ ನಮಗೆ ಆ ವರ್ಷ ರಾಗಿ ಇಲ್ಲ. ಗಾಡಿ ಎರವಲು ತಂದು, ಯಜಮಾನರನ್ನು ಮುಂದೆ ಕೂರಿಸಿ ರಸ್ತೆ ಮಗ್ಗುಲ ಹೊಲಕ್ಕೆ ಹೋದೆ. ಗುಡ್ಡೆ ಇರಲಿಲ್ಲ. ಹೊಲದ ತುಂಬ ಹರಡಿ ಒಂದು ಸಲ ಉತ್ತೂ ಆಗಿತ್ತು. ಬಗ್ಗಿ ಮಣ್ಣು ಕೆದಕಿದೆ. ನಮ್ಮ ಹರಳು ಸಿಪ್ಪೆ ಕೈಗೆ ಸಿಕ್ಕಿತು. ಯಜಮಾನರು ಗಾಡಿಯಿಂದ ಇಳಿಯದೆ, ‘ಚೆನ್ನಾಗಿ ಉತ್ತವ್ರೆ’ ಎಂದರು.

ಅವತ್ತೇ ಚಾವಡಿಯಲ್ಲಿ ಪಂಚಾಯ್ತಿ ಸೇರಿತ್ತು. ಹೆಂಗಸರು ಚಾವಡಿ ಹತ್ತುವ ಹಾಗಿಲ್ಲ, ನಾನು ಕಂಬದ ಹತ್ತಿರ ಕೆಳಗೆ ನಿಂತು ಕೇಳಿದೆ.

‘ಭಾವ, ನಮ್ಮ ಗೊಬ್ಬರ?’

‘ಯಾವ್ ಗೊಬ್ಬರಮ್ಮ?’

‘ನಾನು ಹೊತ್ತು ಹಾಕಿದ್ದು. ನಿಮ್ಮ ಹೊಲದಾಗೆ ನಮ್ಮ ಹರಳು ಸಿಪ್ಪೆ ಬಿದ್ದೈತೆ, ನೋಡ್ಕಂಡು ಬಂದೆ.’

‘ಎಲ್ಲಾರ್ದೂ ಬೆರ್ತೋಗದೆ ಕಣಮ್ಮ. ನಮ್ಮ ಆಳುಗಳು, ಹೇಳಿದ್ದು ಒಂದು ಮಾಡಿದ್ದು ಒಂದು. ಈಗ ನಿನ್ನ ಎಮ್ಮೆ ಸಗಣಿ ಯಾವ್ದು, ಕೆಂಚಮ್ಮನ ಹಸಿನ ಸಗಣಿ ಯಾವ್ದು? ಗೊತ್ತಾದ್ರೆ ಆರಿಸ್ಕೊಂಡೋಗು, ನಾನೇನು ಬ್ಯಾಡ ಅಂತೀನಾ?’

ಚಾವಡಿ ನಕ್ಕಿತು. ಕೆಂಚಮ್ಮ ಮತ್ತು ಉಳಿದವರು ಭಾವನವರ ಹೊಲದಲ್ಲೇ ಕೂಲಿ ಮಾಡುವವರು, ಅವರ್ಯಾರೂ ಆ ಕಡೆ ಸುಳಿದಿರಲಿಲ್ಲ.

‘ನಿಮ್ಮ ಹಿತ್ತಿಲ ತಿಪ್ಪೆ ಬೆರೀಲಿಲ್ವಲ್ಲ ಭಾವ. ಅದ್ರಾಗೆ ನಮ್ಮ ಹೊಲಕ್ಕೆ ಆಗೋವಷ್ಟು ಕೊಡಿ’ ಎಂದೆ. ನಗು ನಿಂತಿತು. ಶಾನುಭೋಗರು ಗಂಟಲು ಸರಿಮಾಡಿಕೊಂಡು ನಡುವೆ ಬಂದರು. ‘ಇದಕ್ಕೆಲ್ಲಾ ಜಗಳ ಯಾಕೆ? ವರ್ಷದ ರಿಪೋರ್ಟು ಕಳಿಸೋದಿದೆ. ನಂಜಮ್ಮನೋರು ಸ್ವಸಂತೋಷದಿಂದ ಊರಿಗೆ ದಾನ ಮಾಡಿದ್ದಾರೆ ಅಂತ ಠರಾವು ಮಾಡಿಬಿಡೋಣ. ಅವರ ಹೆಸರೂ ಮಧುಗಿರಿವರೆಗೆ ಹೋಗುತ್ತೆ. ಒಪ್ಪೋರು ಕೈ ಎತ್ತಿ.’

ಒಂದೊಂದಾಗಿ ಕೈ ಎದ್ದವು. ನಾನು ಒಬ್ಬರ ಕೈಯನ್ನು ಮಾತ್ರ ನೋಡುತ್ತಿದ್ದೆ. ನಮ್ಮ ಯಜಮಾನರು ಮೊದಲು ಭಾವನವರನ್ನು ನೋಡಿದರು, ಆಮೇಲೆ ನೆಲ ನೋಡಿದರು, ಆಮೇಲೆ ಎತ್ತಿದರು. ಅರ್ಧ ಎತ್ತಿದ್ದರೂ ಆಗುತ್ತಿತ್ತು. ಪೂರ್ತಿ ಎತ್ತಿದರು.

ಮನೆಗೆ ಬಂದು ಮುದ್ದೆ ಬಡಿಸಿದೆ. ಸಾರಿನ ಪಾತ್ರೆ ಪಕ್ಕಕ್ಕೆ ಕುಕ್ಕಿದೆ. ಅವರೇ ತಡೆಯಲಾರದೆ, ‘ಎಲ್ಲಾರೂ ಎತ್ತಿದ್ರು ಕಣೇ. ನಾನೊಬ್ನೇ ಹೆಂಗೆ ಸುಮ್ಕಿರಾದು?’ ಎಂದರು. ಸುಮ್ಮನಿರುವುದು ಒಂದೇ ಅವರಿಗೆ ಬರುತ್ತಿದ್ದ ವಿದ್ಯೆ. ಅವತ್ತು ಅದನ್ನೂ ಮರೆತಿದ್ದರು.

ಮಾರನೆಯ ಬೆಳಿಗ್ಗೆ ನಾನು ಬೇಗ ಎದ್ದೆ. ಯಜಮಾನರ ಬಲಗೈಯಲ್ಲಿ ಅವರಪ್ಪ ಹಾಕಿಸಿದ ಬೆಳ್ಳಿ ಕಡಗವೊಂದಿತ್ತು. ಹರಳೆಣ್ಣೆಯ ಬಟ್ಟಲು ತೆಗೆದುಕೊಂಡು ಹೋಗಿ ಅವರ ಪಕ್ಕ ಕುಳಿತು ಮಣಿಕಟ್ಟಿಗೆ ಸವರಿ ತಿರುವತೊಡಗಿದೆ. ‘ಏನೇ ಇದು? ನೋಯ್ತದೆ ಕಣೇ’ ಎಂದರು. ‘ನೋಯ್ಲಿ’ ಎಂದೆ. ‘ಅಪ್ಪ ಹಾಕ್ಸಿದ್ದು.’ ‘ಹೊಲಾನೂ ನಿಮ್ಮಪ್ಪಂದೇ’ ಎಂದು ಎಳೆದೆ, ಬಂತು. ಊರಾಚೆ ಕುರುಬರ ಹಟ್ಟಿಯಲ್ಲಿ ಕುರಿ ಮಂದೆ ಬೀಡುಬಿಟ್ಟಿತ್ತು. ಕಡಗ ಕೊಟ್ಟರೆ ನಾಲ್ಕಾರು ರಾತ್ರಿ ನಮ್ಮ ಹೊಲದಲ್ಲಿ ಮಂದೆ ತರುಬಿ ನಿಲ್ಲಿಸುತ್ತಾರೆ, ಕುರಿಹಿಕ್ಕೆ ಬಿದ್ದು ಗೊಬ್ಬರವಾಗುತ್ತದೆ, ಅರೆಹೊಟ್ಟೆಗಾದರೂ ರಾಗಿಯಾಗುತ್ತದೆ. ದೊಡ್ಡ ಶೂರಳ ಹಾಗೆ ಕಡಗವನ್ನು ಸೆರಗಿಗೆ ಗಂಟು ಹಾಕಿಕೊಂಡು ಹೊರಟೆ. ಚೇರ್ಮನ್ನರ ಕೈ ನನಗೆ ಎಟುಕುವಂಥದ್ದಲ್ಲ, ಎಟುಕಿದ್ದು ಇದೊಂದೇ ಕೈ.

ಹಳ್ಳದ ಹತ್ತಿರ ಭಾವನವರು ಚೊಂಬು ಹಿಡಿದು ಎದುರಿಗೆ ಬಂದರು. ಏನೇನು ಬೈಯಬೇಕೆಂದು ನಾನು ಎಲ್ಲ ಹೊಂದಿಸಿಟ್ಟುಕೊಂಡಿದ್ದೆ, ಒಂದೂ ಮರೆತಿರಲಿಲ್ಲ. ಸೆರಗು ತಲೆಯ ಮೇಲಕ್ಕೆ ಎಳೆದುಕೊಂಡು, ದಾರಿ ಬಿಟ್ಟು, ಕಳ್ಳಿಗಿಡದ ಪಕ್ಕಕ್ಕೆ ಸರಿದು ನಿಂತೆ.

‘ಏನಮ್ಮ ನಂಜಮ್ಮ, ಬರೋ ಶನಿವಾರ ಬಾವಿ ಕಟ್ಟೆ ಕೆಲ್ಸ ಐತೆ. ನೀನೇ ಮುಂದೆ ನಿಲ್ಬೇಕು’ ಎಂದರು.

‘ಆಗ್ಲಿ ಭಾವ’ ಎಂದೆ.

ಅವರು ಹತ್ತು ಹೆಜ್ಜೆ ದಾಟಿದ ಮೇಲೆ ಉಗಿದೆ. ಅದೂ ಸದ್ದಾಗದ ಹಾಗೆ.