ಮಗ್ಗದ ಗುಂಡಿಯಲ್ಲಿ ಲೇತು

ಸುತ್ತಿಗೆ ಕೊಳ್ಳೋದಕ್ಕೆ ಮೊದಲೇ ಸುತ್ತಿಗೆಗೆ ಮನೆ ಕಟ್ಟಿಸಿದ ಗಂಡಸು ಕೊಳ್ಳೇಗಾಲದಲ್ಲಿ ಒಬ್ಬನೇ ಇದ್ದ. ಅವನು ನನ್ನ ಮೈದುನ. ಇಂಥವರು ಪಕ್ಕದ ಮನೆಯಲ್ಲಿ ಹುಟ್ಟಿದರೆ ನಗಬಹುದು. ನಮ್ಮ ಮನೆಯಲ್ಲೇ ಹುಟ್ಟಿದರೆ ಏನು ಮಾಡೋದು? ನಾವೂ ನಕ್ಕೆವು!

ನಮ್ಮದು ರೇಷ್ಮೆ ನೇಯುವ ಮನೆ. ಗಂಡಸರು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟುಕೊಂಡು ಕೂತರೆ, ಹೆಂಗಸರು ನಾವು ರಾಟೆ ತಿರುಗಿಸಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿ ಕೊಡಬೇಕು. ಈ ಮೈದುನನ ಹೆಂಡತಿ, ನನ್ನ ಓರಗಿತ್ತಿ, ಸುತ್ತಿದಷ್ಟು ನಯವಾಗಿ ಸುತ್ತೋರು ನಮ್ಮ ಬೀದಿಯಲ್ಲೇ ಇರಲಿಲ್ಲ. ಆದರೆ ಅವಳ ಬಲಗೈ ಮಣಿಕಟ್ಟು ಊದಿಕೊಳ್ಳೋದಕ್ಕೆ ಶುರುವಾಯ್ತು. ಬೆಳಗ್ಗೆ ಎದ್ದರೆ ಬೆರಳು ಮಡಿಸೋಕೆ ಆಗದು, ಮಡಿಸಿದರೆ ಬಿಡಿಸೋಕೆ ಆಗದು. ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದ್ದಾಯ್ತು, ಹರಳೆಣ್ಣೆ ತಿಕ್ಕಿದ್ದಾಯ್ತು. ರಾಟೆ ಬಿಡದೆ ನೋವು ಬಿಡುತ್ತಾ?

ಒಂದು ದಿನ ಊಟಕ್ಕೆ ಕೂತಾಗ ಮೈದುನ ಹೆಂಡತಿ ಮುಖ ನೋಡದೆ ಸಾರಿನ ಪಾತ್ರೆ ನೋಡಿಕೊಂಡು ಹೇಳಿದ:

"ಕೈಯಲ್ಲಿ ತಿರುಗ್ಸಾದು ಸಾಕು ಕಣಮ್ಮಿ. ಕಾಲಲ್ಲಿ ತುಳಿಯೋ ಕಬ್ಬಿಣದ ರಾಟೆ ಮಾಡ್ಕೊಡ್ತೀನಿ."

"ಯಾವಾಗ?"

"ಮಿಷನ್ ತಕಂಡ ತಕ್ಷಣ."

ಆ 'ತಕ್ಷಣ' ಎಷ್ಟು ಉದ್ದ ಅಂತ ಆಗ ಯಾರಿಗೆ ಗೊತ್ತಿತ್ತು!

"ಹನೂರಲ್ಲಿ ಒಳ್ಳೆ ಕಮ್ಮಾರ ಅವ್ನಲ್ಲಪ್ಪ, ಅವನ ತಾವ ಮಾಡ್ಸಬಾರ್ದಾ?" ಅಂದೆ.

"ಅವನದು ಗುದ್ದಲಿ ಮಾಡೋ ಕೈ ಅತ್ಗೆ. ನೂಲು ಸುತ್ತೋ ಕದಿರು ಕೂದಲೆಳೆಯಷ್ಟು ಸೊಟ್ಟಗಿದ್ರೂ ರೇಷ್ಮೆ ಪಟ್ ಅಂತ ಕಡೀತದೆ. ಕಬ್ಬಿಣ ತಿರುಗ್ಸಿ ಕೆತ್ತೋ ಲೇತು ಮಿಷನ್ನಲ್ಲೇ ಮಾಡ್ಬೇಕು ಅದ್ನ."

ಮಾತು ಸರಿಯೇ. ಎಷ್ಟೋ ಸಲ ಸರಿಯಾದ ಮಾತೇ ಮನೆ ಹಾಳು ಮಾಡೋದು.

ಹಿತ್ತಲ ಕಡೆ ನಮ್ಮ ಮಾವನವರ ಮಗ್ಗವಿದ್ದ ಕೊಠಡಿ ಖಾಲಿ ಬಿದ್ದಿತ್ತು. ಅದೇ ಕಾರ್ಖಾನೆ ಅಂತಾಯ್ತು. ಇನ್ನೇನು ಲೇತು ತರೋಕೆ ಹೊರಡುತ್ತಾನೆ ಅಂತ ನಾವು ಬುತ್ತಿ ಕಟ್ಟೋಕೆ ಕಾದರೆ, ಇವನು ಬಡಗಿಯನ್ನು ಕರಕೊಂಡು ಬಂದ! ಸಾಮಾನು ಬಂದ ಮೇಲೆ ಎಲ್ಲೆಂದರಲ್ಲಿ ಬಿದ್ದಿರಬಾರದಂತೆ, ಮೊದಲು ಜಾಗ ಆಗಬೇಕಂತೆ. ಹೊನ್ನೆ ಮರದಲ್ಲಿ ಗೋಡೆಯುದ್ದಕ್ಕೂ ಬೀರು ಎದ್ದಿತು. ಬೀರು ತುಂಬ ಖಾನೆಗಳು. ಸುತ್ತಿಗೆಗೊಂದು, ಅರಕ್ಕೊಂದು, ಉಳಿಗೊಂದು, ದೊಡ್ಡ ಸ್ಪ್ಯಾನರಿಗೊಂದು, ಚಿಕ್ಕ ಸ್ಪ್ಯಾನರಿಗೊಂದು. ಒಂದೊಂದರೊಳಗೂ ರೇಷ್ಮೆ ಚಿಂದಿಯ ಹಾಸಿಗೆ! ನಮ್ಮ ಮಕ್ಕಳು ಮಲಗುತ್ತಿದ್ದದ್ದು ಈಚಲು ಚಾಪೆಯ ಮೇಲೆ. ಇನ್ನೂ ಬಾರದ ಸ್ಪ್ಯಾನರು ಮಲಗೋದು ರೇಷ್ಮೆಯ ಮೇಲೆ.

ಖಾಲಿ ಖಾನೆ ಕಂಡರೆ ನಮ್ಮತ್ತೆ ಸುಮ್ಮನಿರೋರೇ? ಒಂದಕ್ಕೆ ಹುಣಸೆಹಣ್ಣು ಬಂತು, ಇನ್ನೊಂದಕ್ಕೆ ಹುರುಳಿಕಾಳು. ಕಬ್ಬಿಣವನ್ನು ಕಚ್ಚಿ ಹಿಡಿಯೋ ವೈಸಿಗೆ ಅಂತ ಒಂದು ದೊಡ್ಡ ಖಾನೆ ಮಾಡಿಸಿದ್ದನಲ್ಲ, ಅದರಲ್ಲಿ ಬೆಕ್ಕು ಮರಿ ಹಾಕ್ತು.

"ಓಡ್ಸಲಾ ಅದ್ನ!" ಅಂದರು ಅತ್ತೆ.

"ವೈಸ್ ಬರಗಂಟ ಇರ್ಲಿ ಬುಡವ್ವ. ಬಾಣಂತಿ."

ವೈಸ್ ಬರೋ ಹೊತ್ತಿಗೆ ಆ ಮರಿಗಳೇ ಮರಿ ಹಾಕಿದ್ದವು.

ಇನ್ನು ಆರಿಸೋ ಕತೆ. ಯಳಂದೂರಿನ ಅಕ್ಕಿ ಮಿಲ್ಲಿನ ಫಿಟ್ಟರು "ಮೊದಲು ತೂತು ಕೊರೆಯೋ ಮಿಷನ್ ತಕೊಳ್ಳಿ" ಅಂದರೆ ಇವನು ಅದಕ್ಕೂ ತಲೆಯಾಡಿಸೋನು. ಹೊನ್ನುಹೊಳೆ ದಾಟಿ ಮನೆ ಮುಟ್ಟೋದರೊಳಗೆ ಮನಸ್ಸು ಮತ್ತೆ ಲೇತಿಗೆ ತಿರುಗಿರೋದು. ಆಗ ನಮ್ಮ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಮಿಷನ್ ಬೇಕು ಅಂದರೆ ಕೊಯಮತ್ತೂರು. ಘಟ್ಟ ಇಳಿದು ಹೋಗೋನು, ಬರಿಗೈಲಿ ಹತ್ತಿ ಬರೋನು. ಯಾಕೆ ಹೀಗೆ ಅಂತ ನಮ್ಮನೆಯವರು ಒಂದು ಸಲ ಜೊತೆಗೆ ಹೋದರು. ವಾಪಸ್ಸು ಬಂದವರು ಜಗಲಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಗಿದ್ದಿಷ್ಟು. ಅಂಗಡಿಯಲ್ಲಿ ನಮ್ಮ ಮೈದುನ ಜೇಬಿಂದ ಒಂಟಿ ರೇಷ್ಮೆ ಎಳೆ ತೆಗೆದನಂತೆ. ಲೇತಿನ ಮೈಮೇಲೆ ಹಾಸಿ ಮೆಲ್ಲಗೆ ಎಳೆದನಂತೆ. ಎಳೆ ಎಲ್ಲೋ ಸಿಕ್ಕಿ ಕಡಿದುಹೋಯ್ತು. "ಒರಟು. ಬ್ಯಾಡ." ಇನ್ನೊಂದು ಲೇತು. ಅಲ್ಲೂ ಕಡೀತು. "ಬ್ಯಾಡ." ಅಲ್ಲ, ಕಬ್ಬಿಣ ಕೊಳ್ಳೋಕೆ ಹೋಗಿ ಸೀರೆಯ ಸೆರಗು ನೋಡೋ ಹಾಗೆ ನೋಡಿದರೆ ಯಾವ ಲೇತು ಒಪ್ಪಿಗೆಯಾದೀತು? ಅಂಗಡಿಯವನು ತಮಿಳಿನಲ್ಲಿ ಕೇಳಿದನಂತೆ, ನೀವು ಮಿಷನ್ ಕೊಳ್ಳೋಕೆ ಬಂದಿರೋ, ಹೆಣ್ಣು ನೋಡೋಕೆ ಬಂದಿರೋ ಅಂತ.

"ಎಣ್ಣು ನೋಡಾಕೆ ಓದಾಗ ಇವ್ನು ತಲೇನೇ ಎತ್ತಲಿಲ್ಲ ಕಣಣ್ಣ!" ಅಂದರಂತೆ ನಮ್ಮನೆಯವರು.

ನಾವೆಲ್ಲ ನಕ್ಕೆವು. ಓರಗಿತ್ತಿಯೂ ನಕ್ಕಳು. ಅವಳು ಆಗ ಬೆರಳಲ್ಲಿ ಹಿಡಿಯೋಕೆ ಆಗದೆ ಅಂಗೈಯಲ್ಲಿ ತಳ್ಳಿ ತಳ್ಳಿ ರಾಟೆ ತಿರುಗಿಸುತ್ತಿದ್ದಳು.

ಕೊನೆಗೂ ಒಂದು ಲೇತು ಒಪ್ಪಿಗೆಯಾಯ್ತು. ಹಳೇದು, ಕಾಲಲ್ಲಿ ತುಳಿಯೋದು. ಎಳೆ ಅದರ ಮೇಲೆ ಬೆಣ್ಣೆಯ ಮೇಲೆ ಜಾರಿದ ಹಾಗೆ ಜಾರಿತಂತೆ. ಜಾರದೆ ಏನು? ಯಾರೋ ವರ್ಷಾನುಗಟ್ಟಲೆ ದುಡಿಸಿ ದುಡಿಸಿ ಅದು ಪೂರ್ತಿ ಸವೆದುಹೋಗಿತ್ತು!

ಲಾರಿಯಿಂದ ಇಳಿಸಿದ ಡ್ರೈವರು ಎಲ್ಲಿ ಇಡೋದು ಅಂತ ಕೇಳಿದ. ಇವನು ಮಾವನವರ ಮಗ್ಗದ ಗುಂಡಿ ತೋರಿಸಿದ. ತುಳಿಯೋ ಹಲಗೆ ಗುಂಡಿಯೊಳಗೆ, ಮಿಷನ್ ಮೇಲೆ, ತಾನು ಗುಂಡಿಯ ಅಂಚಲ್ಲಿ ಕೂತು ಕಾಲು ಇಳಿಬಿಟ್ಟುಕೊಂಡು!

"ಸಾಮಿ, ಇದು ನಿಂತ್ಕಂಡು ಮಾಡೋ ಕೆಲ್ಸ," ಅಂದ ಡ್ರೈವರು.

"ಕೂತ್ಕಂಡೇ ಮದುವೆ ಸೀರೆ ನೇದವ್ರು ನಾವು. ಕಬ್ಬಿಣ ಯಾವ ಮಾ ದೊಡ್ದು?"

ಮೊದಲ ದಿನವೇ ಲೇತಿಂದ ಸುಲಿದು ಬಂದ ಕಾದ ಕಬ್ಬಿಣದ ಸುರುಳಿ ತೊಡೆಯ ಮೇಲೆ ಬಿತ್ತು. ಬಾವಿಯ ಕಪ್ಪೆಯ ಹಾಗೆ ನೆಗೆದ. ಆದರೂ ಗುಂಡಿ ಬಿಡಲಿಲ್ಲ. ಅದಕ್ಕಿಂತ ದೊಡ್ಡ ಪೆದ್ದತನ ಇನ್ನೊಂದಿತ್ತು. ಮಗ್ಗದ ಮನೆಯಲ್ಲಿ ಬೆಳಗ್ಗೆ ಎದ್ದ ಕೂಡಲೆ ಗುಂಡಿಯ ಸುತ್ತ ನೀರು ಚಿಮುಕಿಸುತ್ತೇವೆ. ತೇವ ಇದ್ದರೆ ಎಳೆ ಕಡಿಯೋದಿಲ್ಲ. ಇವನೂ ಅಪ್ಪನಿಂದ ಕಲಿತ ಕೈ, ದಿನಾ ಬೆಳಗ್ಗೆ ಲೇತಿನ ಸುತ್ತ ನೀರು ಚಿಮುಕಿಸಿ, ಕೈ ಮುಗಿದು, ಆಮೇಲೆ ಕೂರೋನು! ನೂಲಿಗೆ ಅಮೃತವಾದದ್ದು ಕಬ್ಬಿಣಕ್ಕೆ ಆದೀತೇ? ಮಳೆಗಾಲ ಬೇರೆ ಬಂತು. ಒಂದು ದಿನ ನೋಡಿದರೆ ಮಿಷನ್ ತುಂಬ ಕೆಂಪಗೆ ತುಕ್ಕು. ತುಳಿದರೆ ಅಲ್ಲಾಡದು.

"ಇದ್ರ ಸುತ್ತ ನೀರ್ ಆಕ್ದೋನು ಯಾವನ್ಲಾ?" ಅಂತ ಕೂಗಿದರು ನಮ್ಮನೆಯವರು.

"ನಾನೇ ಅಣ್ಣ," ಅಂದ, ಗುಂಡಿಯೊಳಗಿಂದ.

ಬಿಚ್ಚಿದ, ಸೀಮೆಎಣ್ಣೆಯಲ್ಲಿ ನೆನೆಹಾಕಿದ, ತಿಕ್ಕಿದ, ಸವೆದ ಕಡೆಯೆಲ್ಲ ತಗಡು ಕೊಟ್ಟು ಬಿಗಿ ಮಾಡಿದ. ಗುಂಡಿಯಿಂದ ಮೇಲೆತ್ತಿ ಎತ್ತರದ ಮರದ ಪೀಠದ ಮೇಲೆ ಕೂರಿಸಿದ. ನಮ್ಮ ವಂಶದಲ್ಲಿ ಮೊದಲ ಸಲ ಒಬ್ಬ ನಿಂತು ಕೆಲಸ ಮಾಡಿದ. ಕಾಲು ನೋವು ಅಂತ ಗೊಣಗಿದ, ಆದರೂ ಮಾಡಿದ. ಸುಳ್ಳು ಯಾಕೆ ಹೇಳಲಿ, ಕೊನೆಗೆ ಅವನು ಮಾಡಿದ ರಾಟೆ ದೇವಲೋಕದ್ದು! ತುಳಿದರೆ ಜೇನುಹುಳದ ಹಾಗೆ ಗುಂಯ್ ಅನ್ನೋದು. ಕದಿರು ಒಂದು ಚೂರೂ ಅದುರುತ್ತಿರಲಿಲ್ಲ.

ಅರಿಶಿನ ಕುಂಕುಮ ಇಟ್ಟು ಹೆಂಡತಿಯನ್ನು ಕರೆದು ಕೂರಿಸಿದ. ಬೀದಿಯ ಹೆಂಗಸರೆಲ್ಲ ಬಾಗಿಲಲ್ಲಿ. ಅವಳು ತುಳಿದಳು. ನೂಲು ಸರಸರ ಏರಿತು. ಇವನ ಮುಖ ನೋಡಬೇಕಿತ್ತು ನೀವು, ಹೊಸ ಅಳಿಯನ ಮುಖ!

ಎಳೆ ಕಡೀತು. ರೇಷ್ಮೆ ಅಂದ ಮೇಲೆ ಕಡಿಯುತ್ತೆ, ಅದೇನು ದೊಡ್ಡ ಮಾತಲ್ಲ. ಎರಡು ಬೆರಳ ತುದಿಯಲ್ಲಿ ಹಿಡಿದು ಗಂಟು ಹಾಕಿ ಮುಂದಕ್ಕೆ ಹೋಗೋದು. ಓರಗಿತ್ತಿ ಎಳೆಗೆ ಕೈ ಹಾಕಿದಳು. ಅವಳ ಹೆಬ್ಬೆರಳು ತೋರುಬೆರಳನ್ನು ಮುಟ್ಟಲಿಲ್ಲ. ಇನ್ನೊಂದು ಸಲ ಹಿಡಿಯೋಕೆ ನೋಡಿದಳು. ಎಳೆ ಜಾರಿ ಮಡಿಲಿಗೆ ಬಿತ್ತು.

"ಅಕ್ಕ, ನೀನೇ ತುಳಿ ಬಾ," ಅಂತ ಎದ್ದು ಒಳಗೆ ಹೋದಳು.

ಆ ರಾಟೆಯಲ್ಲಿ ನಾನೇ ಬಹಳ ಕಾಲ ಸುತ್ತಿದೆ. ಕಾಲಲ್ಲಿ ತುಳಿಯೋದು, ನನ್ನ ಮಣಿಕಟ್ಟಿಗೆ ಏನೂ ಆಗಲಿಲ್ಲ. ಯಾರಿಗೆ ಅಂತ ಮಾಡಿದ್ದೋ ಅವಳು ಪಕ್ಕದಲ್ಲಿ ಕೂತು ನೋಡೋಳು. ಇವನು ಸ್ವಲ್ಪ ಕಡಿಮೆ ಒಳ್ಳೆಯ ಕದಿರನ್ನು ಸ್ವಲ್ಪ ಬೇಗ ಮಾಡಿದ್ದರೆ ಆಗಿತ್ತು. ತುಳಿದಾಗಲೆಲ್ಲ ಇದೇ ಯೋಚನೆ ನನಗೆ. ಅವನಿಗೂ ಅದೇ ಇದ್ದಿರಬೇಕು.

ಆ ಕೈಯಲ್ಲಿ ಅವಳಿಗೆ ತನ್ನ ತಲೆ ತಾನೇ ಬಾಚಿಕೊಳ್ಳೋಕೂ ಆಗುತ್ತಿರಲಿಲ್ಲ. ನಾನೇ ಬಾಚುತ್ತಿದ್ದೆ. ಒಂದು ಬೆಳಗ್ಗೆ ಜಗಲಿಯಲ್ಲಿ ಅವಳ ಕೂದಲು ಬಿಚ್ಚಿ ಕೂರಿಸಿಕೊಂಡಿದ್ದೆ. ಮೈದುನ ಸೀಗೆಪುಡಿಯಲ್ಲಿ ಕೈ ತೊಳೆದುಕೊಂಡು ಬಂದ.

"ನೀವು ಬುಡಿ ಅತ್ಗೆ."

ನಾನು ಎದ್ದೆ. ಅವನು ಕೂತ. ಎದುರು ಮನೆಯವಳು ಕಸ ಗುಡಿಸೋದು ನಿಲ್ಲಿಸಿ, "ಏನ್ಲಾ ಮಗ, ಎಂಡ್ತಿ ಜಡೆ ಎಣೀತಿದ್ದೀಯಾ!" ಅಂದಳು. ಇವನು ತಲೆ ಎತ್ತಲಿಲ್ಲ. ಅವತ್ತಿಂದ ದಿನಾ ಬೆಳಗ್ಗೆ ಅದೇ ಕೆಲಸ. ಮರದ ಬಾಚಣಿಗೆಯೋ, ಕೊಂಬಿನದೋ, ಹಲ್ಲು ಮುರಿದದ್ದೋ, ಒಂದು ದಿನವೂ ಆರಿಸಲಿಲ್ಲ. ಕೈಗೆ ಸಿಕ್ಕಿದ್ದರಲ್ಲಿ ಬಾಚಿದ.

"ಬಿಗಿ ಆಯ್ತು," ಅಂದಳು ಅವಳು, ಆ ಮೊದಲ ದಿನ.

"ಬಿಚ್ಚಿ ಎಣೀಲಾ?"

"ಬ್ಯಾಡ. ಇರ್ಲಿ."