‘ಹ’ಕಾರದ ಕೊರತೆಯಿಂದ ಗೈರಾದ ಮಗಳ ಬಗ್ಗೆ ಹಾಜರಿ ಯಂತ್ರಕ್ಕೆ

ಮಾನ್ಯ ಹಾಜರಿ ಯಂತ್ರದವರ ಸನ್ನಿಧಿಗೆ,

ಏಳನೇ ತರಗತಿ ‘ಬಿ’ ವಿಭಾಗದ ಇಪ್ಪತ್ತೇಳನೇ ನಂಬರಿನ ವಿದ್ಯಾರ್ಥಿನಿಯ ತಾಯಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿರುವಿರೆಂದು ಬಲ್ಲೆ. ತಮ್ಮ ಕೋಣೆಯ ಬಾಗಿಲ ಮೇಲೆ ಉಷ್ಣಾಂಶ ಇಪ್ಪತ್ತೆರಡು, ದೂಳು ಸೊನ್ನೆ ಎಂದು ಹಸಿರು ಅಂಕಿಗಳು ದಿನವಿಡೀ ಬೆಳಗುತ್ತಿರುವುದರಿಂದ, ಪತ್ರದ ಮೊದಲಲ್ಲಿ ಕ್ಷೇಮ ವಿಚಾರಿಸುವ ಶ್ರಮವನ್ನು ತಾವು ನನಗೆ ಉಳಿಸಿದ್ದೀರಿ. ನಮ್ಮ ಕಡೆಯ ಕ್ಷೇಮದ ವಿಷಯ ಸ್ವಲ್ಪ ದೀರ್ಘವಾದದ್ದು. ತಮಗೆ ಓದಲು ಬಾರದು, ಕೇಳಲು ಮಾತ್ರ ಬರುತ್ತದೆ ಎಂದು ತಿಳಿದಿದ್ದರೂ ಬರವಣಿಗೆಯಲ್ಲೇ ತಿಳಿಸುತ್ತಿದ್ದೇನೆ, ಏಕೆಂದರೆ ತಮ್ಮನ್ನು ನೋಡಿಕೊಳ್ಳುವವರಿಗೆ ಓದಲು ಬರುತ್ತದೆಂಬ ನಂಬಿಕೆ ನನಗಿನ್ನೂ ಉಳಿದಿದೆ.

ಮೊದಲಿಗೆ ತಮ್ಮ ಆಗಮನವನ್ನು ಕೃತಜ್ಞತೆಯಿಂದ ನೆನೆಯುತ್ತೇನೆ. ವರ್ಷದ ಆರಂಭದಲ್ಲಿ ಶಾಲೆಯವರು ಮಕ್ಕಳ ಆರೋಗ್ಯ ಸುಧಾರಿಸಿ ಆ ಮೂಲಕ ಹಾಜರಿಯನ್ನು ಹೆಚ್ಚಿಸುವ ಯೋಜನೆಯೊಂದನ್ನು ಕೈಗೆತ್ತಿಕೊಂಡರು. ಯೋಜನೆಯಲ್ಲಿ ಆರೋಗ್ಯದ ಭಾಗವೂ ಹಾಜರಿಯ ಭಾಗವೂ ಇದ್ದವು. ಹಾಜರಿಯ ಭಾಗವಾಗಿ ತಾವು ಬಂದಿರಿ, ಆರೋಗ್ಯದ ಭಾಗವಾಗಿ ಗೋಡೆಗೆ ಒಂದು ಚಿತ್ರಪಟ ಬಂತು. ತಮ್ಮನ್ನು ಇಡಲು ತಂಪಾದ, ತೇವವಿಲ್ಲದ, ದೂಳಿಲ್ಲದ ಕೋಣೆ ಬೇಕೆಂದು ತಮ್ಮ ಕಂಪನಿಯವರು ಬರೆದಿದ್ದರಂತೆ. ಇಡೀ ಶಾಲೆಯಲ್ಲಿ ಅಂಥ ಕೋಣೆ ಒಂದೇ ಇತ್ತು, ಅದು ಹುಷಾರಿಲ್ಲದ ಮಕ್ಕಳು ಮಲಗುವ ಕೋಣೆ. ಹುಷಾರಿಲ್ಲದ ಮಕ್ಕಳ ಮಂಚ ಈಗ ಮೆಟ್ಟಿಲ ಕೆಳಗಿದೆ, ಅದರ ಮೇಲೆ ಹಳೆಯ ಭೂಪಟಗಳು ಆರಾಮವಾಗಿ ಮಲಗಿವೆ. ಬುಧವಾರ ಮಾತ್ರ ಬರುವ ದಾದಿ ತಮ್ಮ ಹೊಸ್ತಿಲ ಹೊರಗೆ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಒಳಗೆ ಹೋಗುವವರು ಚಪ್ಪಲಿ ಬಿಡಬೇಕು, ಕೆಮ್ಮಬಾರದು, ಬಾಗಿಲನ್ನು ತೆರೆದಿಡಬಾರದು ಎಂದು ಫಲಕ ಹಾಕಿದ್ದಾರೆ. ನಮ್ಮ ಮಗಳ ಡಾಕ್ಟರು ಅವಳ ಬಗ್ಗೆ ಬರೆದುಕೊಟ್ಟ ಸೂಚನೆಗಳು ಅಕ್ಷರಶಃ ಇವೇ ಆಗಿದ್ದವು, ಆದರೆ ಅವರ ಕೈಬರಹ ಫಲಕಕ್ಕೆ ಹಾಕುವಷ್ಟು ಚೆನ್ನಾಗಿರಲಿಲ್ಲ.

ನಮ್ಮ ಮಗಳಿಗೆ ಉಬ್ಬಸವಿದೆ. ತರಗತಿಯಲ್ಲಿ ಸೀಮೆಸುಣ್ಣದ ಪುಡಿ ಹಾರುವ ಬೆಳಗುಗಳಲ್ಲಿ ಅವಳ ಎದೆ ಹಳೆಯ ಬಾಗಿಲಿನಂತೆ ಕುಯ್‌ಗುಡುತ್ತದೆ. ಇದರಲ್ಲಿ ತಮ್ಮ ತಪ್ಪೇನೂ ಇಲ್ಲ. ಸಮಸ್ಯೆ ಇರುವುದು ತಾವು ಕೇಳಬಯಸುವ ಪದದಲ್ಲಿ. ಪ್ರತಿ ತರಗತಿಯ ಕರಿಹಲಗೆಯ ಮೇಲೆ ಮೈಕನ್ನು ಕೂರಿಸಿ, ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ತಾವು ನಂಬರು ಕೂಗುತ್ತೀರಿ. ಮೂರು ಸೆಕೆಂಡಿನೊಳಗೆ ಮಗು ‘ಹಾಜರು’ ಎನ್ನಬೇಕು. ಮಕ್ಕಳು ‘ಆಜರ್’, ‘ಜರ್’, ‘ಊಂ’ ಎಂದೆಲ್ಲ ಗೊಣಗುವುದು ಶಿಸ್ತಲ್ಲವೆಂದು, ‘ಹ’ಕಾರ ಸ್ಪಷ್ಟವಾಗಿ ಬಂದರೆ ಮಾತ್ರ ಒಪ್ಪಬೇಕೆಂದು ತಮಗೆ ಕಲಿಸಿದ್ದಾರೆ. ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು, “ಹಾಜರಿನೂ ಸರಿಹೋಗುತ್ತೆ, ಮಕ್ಕಳ ಉಚ್ಚಾರನೂ ಸರಿಹೋಗುತ್ತೆ” ಎಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನೇ. ಅಚ್ಚುಮನೆಯಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಹದಿನಾರು ವರ್ಷಗಳಿಂದ ಪರರ ‘ಅ’ಕಾರಗಳನ್ನು ‘ಹ’ಕಾರ ಮಾಡುತ್ತಲೂ, ಪರರ ‘ಹ’ಕಾರಗಳನ್ನು ‘ಅ’ಕಾರ ಮಾಡುತ್ತಲೂ ಬಂದಿದ್ದೇನೆ. ಅದು ನಾಲಿಗೆಯ ದೋಷವೆಂದೇ ಇಷ್ಟು ದಿನ ತಿಳಿದಿದ್ದೆ. ‘ಹ’ ಎಂಬುದು ಅಕ್ಷರಕ್ಕಿಂತ ಹೆಚ್ಚಾಗಿ ಉಸಿರು, ಎದೆಯಲ್ಲಿ ಅದು ಇಲ್ಲದವರು ಬಾಯಲ್ಲಿ ತರಲಾರರು ಎಂಬ ವ್ಯಾಕರಣವನ್ನು ತಮ್ಮಿಂದ ಕಲಿತೆ.

ಹೀಗಾಗಿ, ಉಸಿರು ಸರಿಯಿಲ್ಲದ ದಿನಗಳಲ್ಲಿ ನಮ್ಮ ಮಗಳು ನಡೆದು ನಿಂತು, ನಿಂತು ನಡೆದು ಶಾಲೆ ತಲುಪಿ, ಮೂರನೇ ಬೆಂಚಿನಲ್ಲಿ ಕುಳಿತು ‘ಆಜರು’ ಎನ್ನುತ್ತಾಳೆ. ಒಂಬತ್ತೂ ಇಪ್ಪತ್ತಕ್ಕೆ ನನ್ನ ಫೋನಿಗೆ ತಮ್ಮ ಸಂದೇಶ ಬರುತ್ತದೆ: ‘ನಿಮ್ಮ ಮಗು ಇಂದು ಶಾಲೆಗೆ ಬಂದಿಲ್ಲ. ಮಗುವಿನ ಸ್ವಾಸ್ಥ್ಯವೇ ನಮ್ಮ ಸಂಕಲ್ಪ.’ ಮೊದಲ ಸಲ ಈ ಸಂದೇಶ ಬಂದಾಗ ಕೈಯಲ್ಲಿದ್ದ ಕರಡನ್ನು ಹಾಗೆಯೇ ಬಿಟ್ಟು, ಮಗಳು ದಾರಿಯಲ್ಲಿ ಎಲ್ಲಿ ಬಿದ್ದಿದ್ದಾಳೋ ಎಂದು ಪ್ರತಿ ಅಂಗಡಿಯ ಕಟ್ಟೆಯನ್ನೂ ನೋಡುತ್ತ ಶಾಲೆಗೆ ಓಡಿದೆ. ಅವಳು ಭಾಗಾಕಾರ ಮಾಡುತ್ತಿದ್ದಳು. ತರಗತಿಯ ಶಿಕ್ಷಕಿ ಬಾಗಿಲಿಗೆ ಬಂದು, “ಬಂದಿದಾಳೆ ಕಣ್ರೀ, ನನಗೂ ಕಾಣ್ತಾ ಇದೆ. ಆದ್ರೆ ನನಗೆ ಕಂಡ್ರೆ ಸಾಲದು, ಅದಕ್ಕೆ ಕೇಳಿಸ್ಬೇಕು” ಎಂದು ತಮ್ಮ ಮೈಕಿನ ಕಡೆ ಕಣ್ಣು ಹಾಯಿಸಿದರು.

ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅವಳು ನಿಜವಾಗಿಯೂ ಮನೆಯಲ್ಲಿ ಮಲಗಿದ್ದ ಕೆಲವು ದಿನಗಳಲ್ಲಿ ತಾವು ಅವಳನ್ನು ಹಾಜರೆಂದು ಬರೆದುಕೊಂಡಿದ್ದೀರಿ. ಅವಳ ಪಕ್ಕದಲ್ಲಿ ಕೂರುವ ಹುಡುಗಿಯನ್ನು ತರಗತಿಯವರು ‘ಗಂಟೆ’ ಎಂದು ಕರೆಯುತ್ತಾರೆ, ಅವಳ ಕಂಠ ಅಂಥದ್ದು. ಇಪ್ಪತ್ತೇಳು ಎಂದು ತಾವು ಕೂಗಿದಾಗ ಅವಳು ತನ್ನದಲ್ಲದ ನಂಬರಿಗೆ ನಿರ್ಮಲವಾದ ‘ಹ’ಕಾರವೊಂದನ್ನು ದಾನ ಮಾಡುತ್ತಾಳೆ. ಹಾಗೆ ಮಾಡಬಾರದೆಂದು ನಾನು ಬುದ್ಧಿ ಹೇಳಿದೆ. ಮಗಳು ಬಂದ ದಿನವೇ ಏಕೆ ಸಹಾಯ ಮಾಡುವುದಿಲ್ಲವೆಂದೂ ಕೇಳಿದೆ, ತಾಯಿಯ ಆಸೆ. “ಅವಳು ಬಂದಾಗ ನಾನ್ಯಾಕೆ ಹೇಳ್ಲಿ ಆಂಟಿ, ಅದು ಅವಳ ಸರದಿ ಅಲ್ವಾ. ಬಂದವಳ ಸರದಿ ಕಿತ್ಕೊಂಡ್ರೆ ಮೋಸ ಆಗುತ್ತೆ” ಎಂದಳು. ಇಷ್ಟು ಸೂಕ್ಷ್ಮವಾದ ನ್ಯಾಯಪ್ರಜ್ಞೆ ಹುಟ್ಟಲು ತಾವೇ ಕಾರಣವೆಂದು ಭಾವಿಸುತ್ತೇನೆ.

ಲೆಕ್ಕ ಹೀಗಿದೆ. ಶಾಲೆ ನಡೆದದ್ದು ನೂರಿಪ್ಪತ್ತು ದಿನ, ಪರೀಕ್ಷೆಗೆ ಕೂರಲು ತೊಂಬತ್ತು ದಿನದ ಹಾಜರಿ ಬೇಕು, ತಮ್ಮ ಪ್ರಕಾರ ಅವಳು ಬಂದದ್ದು ಎಂಬತ್ತೊಂದು. ನನ್ನ ಅಡುಗೆಮನೆಯ ಕ್ಯಾಲೆಂಡರಿನ ಪ್ರಕಾರ ಅವಳು ಮನೆಯಲ್ಲಿದ್ದದ್ದು ಇಪ್ಪತ್ತೆರಡು ದಿನ ಮಾತ್ರ. ತಾವು ಪ್ರೀತಿಯಿಂದ ಹೆಚ್ಚಾಗಿ ಕೊಟ್ಟ ಒಂಬತ್ತು ದಿನಗಳನ್ನು ವಂದನೆಗಳೊಂದಿಗೆ ಹಿಂದಿರುಗಿಸುತ್ತಿದ್ದೇನೆ. ತಾವು ಕಿವಿಗೆ ಹಾಕಿಕೊಳ್ಳದ ಇಪ್ಪತ್ತಾರು ದಿನಗಳನ್ನು ದಯಮಾಡಿ ಕೊಟ್ಟರೆ ತೊಂಬತ್ತೆಂಟಾಗುತ್ತದೆ. ಕೊಡದಿದ್ದರೆ ಸೋಮವಾರ ಸೂಚನಾ ಫಲಕಕ್ಕೆ ಅಂಟಿಸುವ ಪರೀಕ್ಷಾರ್ಥಿಗಳ ಪಟ್ಟಿಯಲ್ಲಿ ಇಪ್ಪತ್ತಾರರ ನಂತರ ಇಪ್ಪತ್ತೆಂಟು ಬರುತ್ತದೆ, ಅವಳು ಇನ್ನೊಂದು ವರ್ಷ ಅದೇ ತರಗತಿಯಲ್ಲಿ, ಅದೇ ಸುಣ್ಣದ ಪುಡಿಯ ನಡುವೆ ಕೂರುತ್ತಾಳೆ.

ಡಾಕ್ಟರ ಪ್ರಮಾಣಪತ್ರ ಹಿಡಿದು ಮುಖ್ಯೋಪಾಧ್ಯಾಯಿನಿಯವರನ್ನೂ ಕಂಡೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿ, “ಹುಷಾರಿಲ್ಲ ಅಂತ ಡಾಕ್ಟ್ರೇ ಬರ್ಕೊಟ್ಟಿದಾರಲ್ಲಮ್ಮ. ಹುಷಾರಿಲ್ದೋರು ಶಾಲೆಗೆ ಹೇಗೆ ಬರ್ತಾರೆ?” ಎಂದು ಅದನ್ನು ಅವಳ ಗೈರುಹಾಜರಿಯ ಕಡತಕ್ಕೆ ಸೇರಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ತಮ್ಮ ದಾಖಲೆಗೆ ಮನುಷ್ಯರ ಕೈ ಸೋಕಬಾರದೆಂಬ ಕರಾರಿಗೆ ಅವರೇ ಸಹಿ ಹಾಕಿದ್ದಾರೆ.

ಕಳೆದ ಮಂಗಳವಾರದ ಘಟನೆಗೆ ಕ್ಷಮೆ ಕೇಳುವುದು ಬಾಕಿಯಿದೆ. ಅಂದು ಎರಡನೇ ಅವಧಿಯಲ್ಲಿ ಅವಳಿಗೆ ಉಸಿರು ಸಿಕ್ಕಿಹಾಕಿಕೊಂಡಿತು. ಅದು ಬುಧವಾರವಲ್ಲದ್ದರಿಂದ ದಾದಿ ಇರಲಿಲ್ಲ. ಔಷಧದ ಹಬೆ ಕೊಡುವ ಪೆಟ್ಟಿಗೆ ಕಪಾಟಿನಲ್ಲಿತ್ತು, ಆದರೆ ಅದನ್ನು ಸಿಕ್ಕಿಸುತ್ತಿದ್ದ ಪ್ಲಗ್ಗು ತಮ್ಮ ಕೋಣೆಯಲ್ಲಿತ್ತು, ಅದರಲ್ಲಿ ತಾವಿದ್ದಿರಿ. ಮಕ್ಕಳು ‘ಬೀಗದಣ್ಣ’ ಎಂದು ಕರೆಯುವ ಜವಾನರು ಯಾರನ್ನೂ ಕೇಳದೆ ಬಾಗಿಲು ತೆಗೆದು, “ಬಾ ಮರಿ, ಇವನು ಒಂದ್ ಗಳಿಗೆ ಸುಮ್ನಿದ್ರೆ ಸತ್ತುಹೋಗಲ್ಲ” ಎಂದು ತಮ್ಮನ್ನು ಕಿತ್ತು ಅವಳನ್ನು ಸಿಕ್ಕಿಸಿದರು. ಹನ್ನೊಂದು ನಿಮಿಷ. ‘ಇವನು’ ಎಂಬ ಏಕವಚನಕ್ಕಾಗಿ ಅವರ ಪರವಾಗಿ ವಿಷಾದಿಸುತ್ತೇನೆ. ಸಂಜೆ ಮಗಳು, “ಅಮ್ಮ, ಅಲ್ಲಿ ಗಾಳಿ ತಾನಾಗೇ ಒಳಗೆ ಬರುತ್ತೆ, ಎಳ್ಕೋಬೇಕಾಗಿಲ್ಲ” ಎಂದಳು. ಹಬೆ ಮುಗಿದ ಮೇಲೆ ತಮ್ಮೆದುರು ನಿಂತು ಮೂರು ಸಲ ‘ಹಾಜರು’ ಎಂದಳಂತೆ, ಮೂರೂ ಸಲ ‘ಹ’ ತುಂಬಿ ಬಂತಂತೆ. ತಾವು ಏನೂ ಬರೆದುಕೊಳ್ಳಲಿಲ್ಲ. ತಮ್ಮ ಕಿವಿಗಳಿರುವುದು ತರಗತಿಗಳಲ್ಲಿ. ತಮ್ಮ ಸ್ವಂತ ಕೋಣೆಯಲ್ಲಿ ತಾವು ಕಿವುಡರೆಂಬುದು ಪಾಪ ಅವಳಿಗೆ ಗೊತ್ತಿರಲಿಲ್ಲ.

ಅಂದಿನಿಂದ ನಮ್ಮ ಮನೆಯ ಬೆಳಗುಗಳು ಬಹಳ ಶಾಂತವಾಗಿವೆ. ಅವಳು ಎದ್ದಾಗಿನಿಂದ ಮಾತನಾಡುವುದಿಲ್ಲ. ತಿಂಡಿ ಬೇಕೇ ಎಂದರೆ ತಲೆಯಾಡಿಸುತ್ತಾಳೆ, ಅಜ್ಜಿ ತಮಾಷೆ ಮಾಡಿದರೆ ಬಾಯಿ ಮುಚ್ಚಿಕೊಂಡು ನಗುತ್ತಾಳೆ. ಮೂರನೆಯ ದಿನ ನಾನು ಗದರಿದಾಗ ಚೀಟಿಯಲ್ಲಿ ಬರೆದು ತೋರಿಸಿದಳು: ‘ಮಾತಾಡಿಸಬೇಡ, ಹ ಖರ್ಚಾಗುತ್ತೆ.’ ಒಂಬತ್ತೂ ಹತ್ತಕ್ಕೆ ತಮಗೆ ಕೊಡಲೆಂದು ಅವಳು ಬೆಳಗಿನಿಂದ ಒಂದು ಉಸಿರನ್ನು ಕೂಡಿಡುತ್ತಿದ್ದಾಳೆ. ಮಕ್ಕಳಲ್ಲಿ ಆರೋಗ್ಯದ ಅರಿವು ಮೂಡಿಸಬೇಕೆಂಬ ಯೋಜನೆಯ ಉದ್ದೇಶ ಇಷ್ಟು ಪೂರ್ಣವಾಗಿ ಮತ್ತೆಲ್ಲೂ ಈಡೇರಿರಲಾರದು. ಆ ಚೀಟಿಯಲ್ಲಿ ತಿದ್ದುವಂಥ ತಪ್ಪೇನೂ ಇರಲಿಲ್ಲ, ನಾನು ಬಹಳ ಹೊತ್ತು ಹುಡುಕಿದೆ.

ಈಗ ನನ್ನ ಬಿನ್ನಹಗಳು. ನಮ್ಮ ಮಗಳನ್ನು ತಮ್ಮ ಬಿಡಿಭಾಗವೆಂದು ಘೋಷಿಸಿ ಆ ಕೋಣೆಯಲ್ಲಿ ಇರಿಸಿಕೊಳ್ಳುವಂತೆ ಕೇಳಬಹುದೆಂದು ಒಮ್ಮೆ ಯೋಚಿಸಿದೆ. ಆಗ ಅವಳಿಗೂ ದೂಳು ಹಾನಿಕರವಾಗುತ್ತಿತ್ತು, ಅವಳು ಕೆಟ್ಟರೆ ಕರಾರಿನ ಪ್ರಕಾರ ಕಂಪನಿಯವರು ಆರು ತಾಸಿನೊಳಗೆ ಬರುತ್ತಿದ್ದರು. ಅಥವಾ ತಾವು ಒಂದು ತಿಂಗಳು ಮೂರನೇ ಬೆಂಚಿನಲ್ಲಿ ಕುಳಿತು, ಕರಿಹಲಗೆ ಒರೆಸಿದ ಕೂಡಲೇ ಇಪ್ಪತ್ತೇಳು ಎಂದು ಯಾರಾದರೂ ಕರೆದಾಗ ಉತ್ತರಿಸಿ ನೋಡಬಹುದು. ಇವು ದೊಡ್ಡ ಬೇಡಿಕೆಗಳಾದ್ದರಿಂದ ಕರಡು ತಿದ್ದುವವಳಾಗಿ ಚಿಕ್ಕದೊಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ: ಒಂದು ಪದ ಬದಲಿಸಿ. ‘ಹಾಜರು’ ಎನ್ನುವಲ್ಲಿ ‘ಇದ್ದೇನೆ’ ಎಂದರೂ ಒಪ್ಪಿಕೊಳ್ಳಿ. ಅದರಲ್ಲಿ ‘ಹ’ ಇಲ್ಲ. ನಾಲಿಗೆ ಹಲ್ಲಿಗೆ ತಾಗಿದರೆ ಸಾಕು, ಎಷ್ಟು ಕಡಿಮೆ ಉಸಿರಿದ್ದರೂ ಹೇಳಬಹುದು, ಮತ್ತು ಅರ್ಥದಲ್ಲಿ ಎಳ್ಳಷ್ಟೂ ಕೊರತೆಯಿಲ್ಲ. ತಮ್ಮ ಕಂಪನಿಯವರನ್ನು ಫೋನಿನಲ್ಲಿ ಕೇಳಿದೆ. “ಒಂದ್ ಪದ ಅಂದ್ರೆ ಸುಮ್ನೆ ಅಲ್ಲ ಮೇಡಂ, ಮುಂದಿನ ವರ್ಷ ನೋಡೋಣ” ಎಂದರು. ಮುಂದಿನ ವರ್ಷದವರೆಗೆ ಅವಳನ್ನು ಅದೇ ತರಗತಿಯಲ್ಲಿ ಕಾಯಿಸುವ ವ್ಯವಸ್ಥೆಯಾಗಿರುವುದರಿಂದ ಅವರಿಗೆ ಅವಸರ ಕಾಣದಿರುವುದು ಸಹಜ.

ಆದ್ದರಿಂದ ಮೊದಲೇ ತಿಳಿಸುತ್ತಿದ್ದೇನೆ. ಸೋಮವಾರ ತಾವು ಇಪ್ಪತ್ತೇಳು ಎಂದು ಕೂಗಿದಾಗ ಅವಳು ಎದ್ದು ನಿಂತು ‘ಇದ್ದೇನೆ’ ಎನ್ನುತ್ತಾಳೆ. ತಾವು ಉತ್ತರ ಬಂದಿಲ್ಲ ಎನ್ನುವಿರಿ. ಅವಳು ನಿಂತೇ ಇರುತ್ತಾಳೆ. ತರಗತಿಯ ಶಿಕ್ಷಕಿಯವರನ್ನು ಈ ಬಗ್ಗೆ ವಿಚಾರಿಸಿದಾಗ, ಸ್ವಲ್ಪ ಯೋಚಿಸಿ, “ದಾಖಲೆ ಪ್ರಕಾರ ಬರದೇ ಇರೋ ಹುಡುಗೀನ ಕೂತ್ಕೋ ಅನ್ನೋ ಅಧಿಕಾರ ನನಗಿಲ್ಲ. ಎದುರಿಗೆ ಒಬ್ಬಳು ನಿಂತಿರೋವಾಗ ಪಾಠ ಶುರು ಮಾಡೋ ಅಭ್ಯಾಸಾನೂ ಇಲ್ಲ. ಪಟ್ಟಿ ಅಂಟಿಸೋಕೆ ಬಂದೋರು ಬಂದು ನೋಡ್ಲಿ, ಅವರಿಗಾದ್ರೂ ಕಣ್ಣಿರುತ್ತೆ” ಎಂದರು. ಆಮೇಲೆ ಬೀರುವಿನಿಂದ ತಮಗಿಂತ ಮುಂಚಿನ ಕಾಲದ ರಟ್ಟಿನ ಹಾಜರಿ ಪುಸ್ತಕವೊಂದನ್ನು ತೆಗೆದು, ಮೇಜಿನ ಮೇಲಿಟ್ಟು, ಕೆಂಪು ಪೆನ್ನಿಗೆ ಹೊಸ ಕಡ್ಡಿ ಹಾಕಿಕೊಂಡರು.

ತಮ್ಮ ವಿಶ್ವಾಸಿ,
ಇಪ್ಪತ್ತೇಳನೇ ನಂಬರಿನ ತಾಯಿ

ವಿ.ಸೂ.: ಹೋದ ತಿಂಗಳು ತಮಗೆ ದೂಳು ಹಿಡಿದು ಹುಷಾರು ತಪ್ಪಿದಾಗ ಇಡೀ ಶಾಲೆಗೆ ಎರಡು ದಿನ ರಜೆ ಕೊಟ್ಟಿದ್ದು, ಆ ಎರಡೂ ದಿನ ತಮ್ಮ ಹಾಜರಿಯನ್ನು ನೂರಕ್ಕೆ ನೂರು ಎಂದು ಬರೆದಿರುವುದು ತಿಳಿದು ಸಂತೋಷವಾಯಿತು. ಯಾವ ಡಾಕ್ಟರಿಗೆ ತೋರಿಸಿದಿರೆಂದು ದಯವಿಟ್ಟು ತಿಳಿಸಿ. ನಮ್ಮವರನ್ನು ಬದಲಾಯಿಸಬೇಕೆಂದಿದ್ದೇವೆ.